ಲಗ್ನಪತ್ರಿಕೆಯೊಳಗಿನ ಕುದುರೆ

ಒಂದು ಕಾಲಕ್ಕೆ ಕೋಟೆಯಿದ್ದ ಊರು ತೆರಕಣಾಂಬಿ. ಒಳಗಿನವರೇ ಬಾಗಿಲು ತೆರೆದರೆ ಎಂಥ ಕೋಟೆಯೂ ಬರೀ ಕಲ್ಲು. ಟ್ರಾಯ್ ಕುದುರೆಯ ಕಥೆಯೂ ಅದೇ. 1972ರ ಜೇಮ್ಸ್ ಆಂಡರ್ಸನ್ ವರದಿ ಆ ಹೆಸರನ್ನು ಕಂಪ್ಯೂಟರಿನ ಮೋಸಕ್ಕೆ ಬಳಸಿತು. 1989ರ ಡಿಸೆಂಬರಿನಲ್ಲಿ ಏಡ್ಸ್ ಮಾಹಿತಿಯೆಂದು ಸುಮಾರು 20,000 ಫ್ಲಾಪಿಗಳು ಅಂಚೆಯಲ್ಲಿ ಹೊರಟವು. ಆರೋಪ ಹೊತ್ತವನು ಜೀವಶಾಸ್ತ್ರಜ್ಞ ಜೋಸೆಫ್ ಪಾಪ್. ಕಂಪ್ಯೂಟರ್ ಸುಮಾರು 90 ಸಲ ಆನ್ ಆಗುವವರೆಗೆ ಅದು ಸುಮ್ಮನಿದ್ದು, ಆಮೇಲೆ ಕಡತಗಳ ಹೆಸರು ಕಲಸಿಹಾಕಿ 189 ಡಾಲರ್ ಕೇಳುತ್ತಿತ್ತು. ಹಣ ಕಳಿಸಬೇಕಾದದ್ದು ಪನಾಮಾದ ಅಂಚೆಪೆಟ್ಟಿಗೆಗೆ!

ಈಗ ಫ್ಲಾಪಿ ಬೇಕಿಲ್ಲ. ಗುಂಡ್ಲುಪೇಟೆ ಸೀಮೆಯಲ್ಲೂ ಲಗ್ನಪತ್ರಿಕೆ ವಾಟ್ಸಾಪಿನಲ್ಲೇ ಬರುತ್ತದೆ. ಕಡತದ ಹೆಸರಿನ ಕೊನೆಗೆ 'ಎಪಿಕೆ' ಇದ್ದರೆ ಅದು ಪತ್ರಿಕೆಯಲ್ಲ, ಆ್ಯಪ್. ಕೇಳಿದ ಅನುಮತಿ ಕೊಟ್ಟರೆ ಒಟಿಪಿ ಓದಿ ಖಾತೆ ಬರಿದು ಮಾಡೀತು. ಒತ್ತುವ ಮೊದಲು ಕಳಿಸಿದವರಿಗೆ ಫೋನ್ ಮಾಡಿ ಕೇಳಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.