ಕಣದ ಕಾಳು, ಕೆರೆಯ ನೀರು

ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿ ಎಂದೊಡನೆ ಸಾಮಾನ್ಯವಾಗಿ ನೆನಪಾಗುವುದು ಎರಡು: ಹೊಯ್ಸಳ ಒಂದನೇ ನರಸಿಂಹನ ಕಾಲದಲ್ಲಿ, 1171ರಲ್ಲಿ, ಕಟ್ಟಿದ ಬ್ರಹ್ಮೇಶ್ವರ ದೇಗುಲ, 1915ರಲ್ಲಿ ಅಲ್ಲಿ ಹುಟ್ಟಿದ ಕವಿ ಕೆ.ಎಸ್. ನರಸಿಂಹಸ್ವಾಮಿ. ಊರಿನ ಕೆರೆ ಮೂರನೆಯದಾಗಿ ನೆನಪಿಗೆ ಬಂದರೆ ಬಂತು. ಚಳಿಗಾಲದ ಹಕ್ಕಿಗಳಿಗೆ ಮಾತ್ರ ಮೊದಲು ಕಾಣುವುದು ನೀರೇ.

ಚಳಿಗಾಲದಲ್ಲಿ ಹಕ್ಕಿಗೆ ಕಾಳಿಡುವ ರೂಢಿ ಇಂಗ್ಲೆಂಡಿನಲ್ಲಿ ಬೇರೂರಲು 1890-91ರ ಕಡುಚಳಿ ಕಾರಣವಾಯಿತು. ನೆಲ ಹೆಪ್ಪುಗಟ್ಟಿ ಹಕ್ಕಿಗಳು ಸಾಯತೊಡಗಿದಾಗ, ಅವಕ್ಕೆ ಆಹಾರ ಹಾಕಿರೆಂದು ಪತ್ರಿಕೆಗಳೇ ಜನರಿಗೆ ಕರೆ ಕೊಟ್ಟವು. ಇಂದು ಅಮೆರಿಕದ ಎಷ್ಟೋ ಕಾಲೇಜು ಆವರಣಗಳಲ್ಲಿ ಮರಕ್ಕೆ ತೂಗುಹಾಕಿದ ಕಾಳಿನ ಬುಟ್ಟಿಗಳ ಮುಂದೆ ವಿದ್ಯಾರ್ಥಿಗಳು ಹಕ್ಕಿ ಎಣಿಸುತ್ತಾರೆ.

ಮಂಡ್ಯದ ಸೀಮೆಯಲ್ಲಿ ಹಿಮವೆಲ್ಲಿ ಬಂತು? ಇಲ್ಲಿ ಚಳಿಗಾಲವೆಂದರೆ ಸುಗ್ಗಿ. ರಾಗಿ ಒಕ್ಕುವ ಕಣದಲ್ಲಿ ಚೆಲ್ಲಿದ ಕಾಳಿಗೆ ಗುಬ್ಬಿ, ಬೆಳವಗಳು ಮುತ್ತುತ್ತವೆ. ಆದರೆ ಅವು ಊರಿನವೇ. ಉತ್ತರದಿಂದ ಬರುವ ಅತಿಥಿಗಳಲ್ಲಿ ಹೆಚ್ಚಿನವು ಕಾಳಿಗೆ ಒಲಿಯುವುದಿಲ್ಲ. ಸಿಪಿಲೆ ಬಾಲ ಕುಣಿಸುತ್ತ ಹುಳ ಹೆಕ್ಕುತ್ತದೆ. ಗದ್ದೆಗೊರವಕ್ಕೆ ಕೆಸರಿನ ಅಂಚೇ ಬೇಕು. ಮಧ್ಯ ಏಷ್ಯಾದ ಕಡೆಯಿಂದ ಹಿಂಡುಹಿಂಡಾಗಿ ಬರುವ ಗುಲಾಬಿ ಮೈನಾ ಇದಕ್ಕೆ ಅಪವಾದ. ಬಯಲುಸೀಮೆಯ ಜೋಳದ ಹೊಲಗಳಿಗೆ ಅದರ ಪರಿಚಯ ಚೆನ್ನಾಗಿಯೇ ಇದೆ. ಇನ್ನು ಪಟ್ಟೆತಲೆ ಹೆಬ್ಬಾತು. ಟಿಬೆಟ್, ಮಂಗೋಲಿಯಾಗಳಲ್ಲಿ ಮರಿಮಾಡುವ ಇದು ಹಿಮಾಲಯವನ್ನು ದಾಟಿ ಮೈಸೂರು ಸೀಮೆಯ ಕೆರೆಗಳವರೆಗೂ ಬರುತ್ತದೆ. ಹಗಲೆಲ್ಲ ನೀರಿನಲ್ಲಿ ವಿಶ್ರಾಂತಿ, ಕತ್ತಲಾದ ಮೇಲೆ ಹೊಲದ ಎಳೆ ಪೈರಿನ ಮೇಯುವಿಕೆ. ಅತಿಥಿಯೇನೋ ನಿಜ, ರೈತನಿಗೆ ದುಬಾರಿ ಅತಿಥಿ.

ಹೀಗಾಗಿ ನಮ್ಮಲ್ಲಿ ಚಳಿಗಾಲದ ಹಕ್ಕಿಗೆ ಉಣಬಡಿಸುತ್ತ ಬಂದವರು ಕೆರೆ ಕಟ್ಟಿಸಿದವರು. ಅವರ ಮನಸ್ಸಿನಲ್ಲಿದ್ದದ್ದು ಹಕ್ಕಿಯಲ್ಲ, ಗದ್ದೆ. ಕೆರೆಯ ದುರಸ್ತಿಗೆಂದೇ ಭೂಮಿ ಬಿಡುತ್ತಿದ್ದ ಕಟ್ಟುಕೊಡಗೆಯ ಸಂಗತಿ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನ ನಡುಗಡ್ಡೆಗಳೂ 17ನೇ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನ ಫಲ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದ ಸಲೀಂ ಅಲಿಯವರ ಒತ್ತಾಸೆಯಿಂದ ಅದು 1940ರಲ್ಲಿ ಪಕ್ಷಿಧಾಮವಾಯಿತು; 2022ರಲ್ಲಿ ರಾಮ್‌ಸಾರ್ ಪಟ್ಟಿಗೂ ಸೇರಿತು.

ಕಾಲೇಜಿನ ಅಂಗಳದಲ್ಲೇ ಹಕ್ಕಿ ನೋಡುವ ಸುಖ ಬೇಕೆಂದರೆ ಮೈಸೂರಿನ ಮಾನಸಗಂಗೋತ್ರಿಗೆ ಹೋಗಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆ ಈಗ ವಿಶ್ವವಿದ್ಯಾನಿಲಯದ ವಶದಲ್ಲಿದೆ. ಏರಿಯ ಮೇಲೆ ನಡೆದವರಿಗೆ ಹೆಜ್ಜಾರ್ಲೆ, ನೀರುಕಾಗೆಗಳ ಜೊತೆ ಚಳಿಗಾಲದ ವಲಸಿಗರೂ ಕಾಣಸಿಗುತ್ತಾರೆ. ಅಲ್ಲಿ ಯಾರೂ ಕಾಳು ತೂಗುಹಾಕಬೇಕಾಗಿಲ್ಲ. ಬೇಕಾದದ್ದು ನೀರು. ಈ ಕೆರೆಗೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆ ನಗರ ಬೆಳೆದಂತೆ ಒತ್ತುವರಿಗೆ ಸಿಕ್ಕಿ ಅಲ್ಲಲ್ಲಿ ಮುಚ್ಚಿಹೋಯಿತು; ಒಂದು ಕಾಲಕ್ಕೆ ಮಳೆನೀರಿನ ಬದಲು ಚರಂಡಿ ನೀರೇ ಹರಿದುಬಂತು. ಸಿಪಿಲೆ ಮಾತ್ರ ಪ್ರತಿ ವರ್ಷವೂ ಮಳೆಗಾಲ ಮುಗಿಯುವ ಹೊತ್ತಿಗೆ ಬಂದಿಳಿಯುತ್ತದೆ.