ತಂತ್ರಾಂಶ ತೆಗೆದ ಬಳಿಕ ಉಳಿಯುವ ಕಡತಗಳು: ಅಳಿಸಬೇಕಾದವು, ಅಳಿಸಬಾರದವು

ಗಣಕಯಂತ್ರಕ್ಕೆ ತಂತ್ರಾಂಶವೊಂದನ್ನು ಅಳವಡಿಸುವುದು ಎಷ್ಟು ಸುಲಭವೋ ಅದನ್ನು ನಿಶ್ಶೇಷವಾಗಿ ತೆಗೆಯುವುದು ಅಷ್ಟು ಸುಲಭವಲ್ಲ. ವಿಂಡೋಸ್ ವ್ಯವಸ್ಥೆಯಲ್ಲಿ ‘ಅನ್‌ಇನ್‌ಸ್ಟಾಲ್’ ಗುಂಡಿಯನ್ನು ಒತ್ತಿ, ಕಾರ್ಯ ಸಂಪನ್ನವಾಯಿತೆಂಬ ಸಂದೇಶವನ್ನು ಓದಿದ ಮೇಲೂ ಆ ತಂತ್ರಾಂಶದ ಕಡತಗಳೂ ನೋಂದಣಿಗಳೂ ಅಲ್ಲಲ್ಲಿ ಉಳಿದುಕೊಂಡಿರುತ್ತವೆ. ಬ್ಯಾಂಕಿನಲ್ಲಿ ಖಾತೆ ಮುಚ್ಚಿದ ಮಾತ್ರಕ್ಕೆ ಲೆಡ್ಜರಿನ ಪುಟ ಹರಿದುಹೋಗುವುದಿಲ್ಲ ಎಂಬುದು ನಮಗೆ ವೃತ್ತಿಯಿಂದಲೇ ತಿಳಿದ ಸಂಗತಿ. ಇಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ. ಹೀಗೆ ಉಳಿದವುಗಳಲ್ಲಿ ಬಹುಪಾಲು ನಿರುಪದ್ರವಿ, ಕೆಲವು ಅಪಾಯಕಾರಿ. ಇನ್ನು ಕೆಲವನ್ನಂತೂ ಕನ್ನಡದಲ್ಲಿ ಬರೆಯುವವರು ಅವಸರದಿಂದ ಅಳಿಸಲೇಬಾರದು.

ಡಾಸ್ ಕಾಲದಲ್ಲಿ ಒಂದು ತಂತ್ರಾಂಶ ಸಾಮಾನ್ಯವಾಗಿ ಒಂದೇ ಕೋಶದಲ್ಲಿ ಇರುತ್ತಿತ್ತು. ಕೋಶವನ್ನು ಅಳಿಸಿದರೆ ಕೆಲಸ ಮುಗಿಯುತ್ತಿತ್ತು. 1992ರ ವಿಂಡೋಸ್ 3.1ರಲ್ಲಿ ಸಣ್ಣದಾಗಿ ಕಾಣಿಸಿಕೊಂಡ ‘ರಿಜಿಸ್ಟ್ರಿ’ ಎಂಬ ಕೇಂದ್ರ ದಾಖಲೆ, 1995ರಲ್ಲಿ ಬಂದ ವಿಂಡೋಸ್ 95ರಿಂದ ಇಡೀ ವ್ಯವಸ್ಥೆಯ ಬೆನ್ನೆಲುಬಾಯಿತು. ಅಂದಿನಿಂದ ತಂತ್ರಾಂಶಗಳು ತಮ್ಮ ಸಾಮಗ್ರಿಯನ್ನು ಹಲವೆಡೆ ಹಂಚಿಡತೊಡಗಿದವು. ತೆಗೆಯುವ ಹೊತ್ತಿನಲ್ಲಿ ಅನ್‌ಇನ್‌ಸ್ಟಾಲರ್ ಸಾಮಾನ್ಯವಾಗಿ ತಾನು ಮೊದಲು ಇಟ್ಟ ಕಡತಗಳ ಪಟ್ಟಿಯನ್ನಷ್ಟೇ ನೋಡುತ್ತದೆ. ಆಮೇಲೆ ಬಳಕೆಯಲ್ಲಿ ಹುಟ್ಟಿದ ಕಡತಗಳು ಆ ಪಟ್ಟಿಯಲ್ಲಿ ಇರುವುದಿಲ್ಲ. ಬೇರೆ ತಂತ್ರಾಂಶಗಳೂ ಬಳಸುವ ಸಮಾನ ಕಡತಗಳನ್ನು ಅದು ಮುಟ್ಟುವುದಿಲ್ಲ. ಮುಂದೊಂದು ದಿನ ಬಳಕೆದಾರರು ಮರಳಿ ಬಂದರೆ ಅನುಕೂಲವಾಗಲಿ ಎಂದು ತಯಾರಕರು ಬೇಕೆಂದೇ ಉಳಿಸುವ ಆಯ್ಕೆಗಳೂ ಇವೆ.

ಇವುಗಳನ್ನು ಹುಡುಕಬೇಕಾದ ಸ್ಥಳಗಳು ಹೆಚ್ಚಿಲ್ಲ. ‘ಪ್ರೋಗ್ರಾಂ ಫೈಲ್ಸ್’ ಎಂಬ ಹೆಸರಿನ ಎರಡು ಕೋಶಗಳು, ‘ಪ್ರೋಗ್ರಾಂ ಡೇಟಾ’, ಹಾಗೂ ಬಳಕೆದಾರರ ಹೆಸರಿನ ಕೋಶದೊಳಗಿನ ‘ಆ್ಯಪ್‌ಡೇಟಾ’. ಕೊನೆಯದರಲ್ಲಿ ಲೋಕಲ್, ಲೋಕಲ್‌ಲೋ, ರೋಮಿಂಗ್ ಎಂಬ ಮೂರು ಉಪಕೋಶಗಳುಂಟು. ಪ್ರೋಗ್ರಾಂ ಡೇಟಾ ಮತ್ತು ಆ್ಯಪ್‌ಡೇಟಾ ಮರೆಯಲ್ಲಿರುವುದರಿಂದ ವಿಂಡೋಸ್ 11ರಲ್ಲಿ ‘ವ್ಯೂ’, ‘ಶೋ’, ‘ಹಿಡನ್ ಐಟಮ್ಸ್’ ಎಂಬ ಕ್ರಮದಲ್ಲಿ ಅವುಗಳನ್ನು ಕಾಣುವಂತೆ ಮಾಡಿಕೊಳ್ಳಬೇಕು. ಅದಕ್ಕೂ ಮುನ್ನ ಯಂತ್ರವನ್ನು ಒಮ್ಮೆ ಮರುಚಾಲನೆ ಮಾಡುವುದು ಒಳಿತು. ಬಳಕೆಯಲ್ಲಿದ್ದ ಕೆಲವು ಕಡತಗಳು ಮರುಚಾಲನೆಯ ವೇಳೆಯಲ್ಲಿಯೇ ಅಳಿಯುತ್ತವೆ. ಕೋಶಗಳು ಹಲವೊಮ್ಮೆ ತಂತ್ರಾಂಶದ ಹೆಸರಿನಲ್ಲಿರದೆ ಸಂಸ್ಥೆಯ ಹೆಸರಿನಲ್ಲಿರುತ್ತವೆ. ಅದೇ ಸಂಸ್ಥೆಯ ಬೇರೊಂದು ತಂತ್ರಾಂಶ ಬಳಕೆಯಲ್ಲಿದ್ದರೆ ಇಡೀ ಕೋಶಕ್ಕೆ ಕೈಹಾಕಕೂಡದು. ಅಳಿಸಿದ್ದನ್ನು ರಿಸೈಕಲ್ ಬಿನ್ನಿನಲ್ಲಿ ಒಂದು ವಾರವಾದರೂ ಇರಗೊಟ್ಟು, ಯಂತ್ರ ಸರಿಯಾಗಿ ನಡೆಯುತ್ತಿದೆಯೆಂದು ಕಂಡ ಮೇಲೆ ಬರಿದು ಮಾಡುವುದು ವಿವೇಕ.

‘ವಿಂಡೋಸ್’ ಕೋಶದೊಳಗಿನ ಮರೆಯಾದ ‘ಇನ್‌ಸ್ಟಾಲರ್’ ಉಪಕೋಶ ಹಲವು ಗಿಗಾಬೈಟ್ ಗಾತ್ರಕ್ಕೆ ಬೆಳೆದಿರುವುದನ್ನು ಕಂಡು ಕೆಲವರು ಅದನ್ನೇ ಅಳಿಸಹೊರಡುತ್ತಾರೆ. ಇದು ಸಲ್ಲದು. ಉಳಿದ ತಂತ್ರಾಂಶಗಳ ದುರಸ್ತಿಗೂ ತೆರವಿಗೂ ಬೇಕಾದ ಕಡತಗಳು ಅಲ್ಲಿರುತ್ತವೆ. ವೈರಸ್‌ನಿರೋಧಕ ತಂತ್ರಾಂಶಗಳ ವಿಷಯದಲ್ಲೂ ಕೈಯಾರೆ ಅಳಿಸುವ ಸಾಹಸ ಬೇಡ. ಪ್ರಮುಖ ತಯಾರಕರು ತಮ್ಮದೇ ತೆರವು ಸಾಧನವನ್ನು ಉಚಿತವಾಗಿ ಒದಗಿಸುತ್ತಾರೆ. ಅವು ವ್ಯವಸ್ಥೆಯ ಆಳದಲ್ಲಿ ಡ್ರೈವರುಗಳನ್ನು ಹೂಡಿರುತ್ತವೆ ಎಂಬುದೇ ಕಾರಣ. 2005ರಲ್ಲಿ ಸೋನಿ ಬಿಎಂಜಿ ಸಂಸ್ಥೆಯ ಸಂಗೀತ ಸೀಡಿಗಳೊಂದಿಗೆ ಗುಟ್ಟಾಗಿ ಯಂತ್ರ ಸೇರುತ್ತಿದ್ದ ತಂತ್ರಾಂಶವನ್ನು ಮಾರ್ಕ್ ರುಸಿನೊವಿಚ್ ಬಯಲಿಗೆಳೆದಾಗ, ಅದರ ಕಡತಗಳನ್ನು ಕೈಯಾರೆ ಅಳಿಸಿದರೆ ಸೀಡಿ ಡ್ರೈವೇ ಕಾಣದಾಗುವುದು ಗೊತ್ತಾಯಿತು. ಸಂಸ್ಥೆ ಕೊಟ್ಟ ತೆರವು ಸಾಧನವೂ ಯಂತ್ರದ ಭದ್ರತೆಯಲ್ಲಿ ಹೊಸ ರಂಧ್ರವನ್ನು ತೆರೆದದ್ದು ಆ ಪ್ರಕರಣದ ವಿಪರ್ಯಾಸ.

ರಿಜಿಸ್ಟ್ರಿಯನ್ನು ‘ಶುಚಿಗೊಳಿಸುವ’ ತಂತ್ರಾಂಶಗಳ ಜಾಹೀರಾತುಗಳಿಗೆ ಮರುಳಾಗಬೇಕಿಲ್ಲ. ಅಲ್ಲಿ ಉಳಿಯುವ ನಿರುಪಯುಕ್ತ ನೋಂದಣಿಗಳ ಗಾತ್ರ ಅತ್ಯಲ್ಪ, ಅವುಗಳನ್ನು ತೆಗೆದರೆ ಯಂತ್ರದ ವೇಗ ಗಮನಾರ್ಹವಾಗಿ ಹೆಚ್ಚುವುದಿಲ್ಲ. ಇಂತಹ ಸಾಧನಗಳಿಗೆ ತನ್ನ ಬೆಂಬಲವಿಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. 2017ರಲ್ಲಿ ಜನಪ್ರಿಯವಾದ ಸಿಕ್ಲೀನರ್ ಸಾಧನದ ಅಧಿಕೃತ ಪ್ರತಿಯಲ್ಲಿಯೇ ಖದೀಮರು ದುಷ್ಟ ಸಂಕೇತವನ್ನು ಸೇರಿಸಿದ್ದರು. ಆ ಪ್ರತಿ ಸುಮಾರು 22 ಲಕ್ಷ ಬಳಕೆದಾರರನ್ನು ತಲುಪಿತ್ತು. ಯಂತ್ರ ನಿಧಾನವಾಗಿದ್ದರೆ ನೋಡಬೇಕಾದುದು ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್’ ಪಟ್ಟಿಯನ್ನು. ತೆಗೆದ ತಂತ್ರಾಂಶದ ಹೆಸರು ಅಲ್ಲಿ ಇನ್ನೂ ಇದ್ದರೆ ನಿಷ್ಕ್ರಿಯಗೊಳಿಸಬಹುದು. ರಿಜಿಸ್ಟ್ರಿಯಲ್ಲಿ ಏನನ್ನಾದರೂ ತೆಗೆಯಲೇಬೇಕಾದರೆ ಆ ಭಾಗವನ್ನು ‘ಎಕ್ಸ್‌ಪೋರ್ಟ್’ ಮಾಡಿ ಪ್ರತಿಯಿಟ್ಟುಕೊಂಡೇ ಮುಂದುವರಿಯಬೇಕು.

ಈಗ ನಮ್ಮ ಸಂಘಸಂಸ್ಥೆಗಳಿಗೆ ನೇರವಾಗಿ ತಟ್ಟುವ ವಿಷಯ. ವಾರ್ಷಿಕ ವರದಿ, ಸ್ಮರಣ ಸಂಚಿಕೆ, ಸದಸ್ಯರ ಪಟ್ಟಿ ಮುಂತಾದವು ದೀರ್ಘಕಾಲ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲೋ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ದಲ್ಲೋ ಸಿದ್ಧವಾಗುತ್ತಿದ್ದವು. ಯೂನಿಕೋಡ್ ರೂಢಿಗೆ ಬರುವ ಮುನ್ನ ಹೀಗೆ ಬೆರಳಚ್ಚಾದ ಪಠ್ಯದಲ್ಲಿ ಕನ್ನಡವೆಂಬುದು ಅಕ್ಷರವಿನ್ಯಾಸದಲ್ಲಿ, ಎಂದರೆ ಫಾಂಟಿನಲ್ಲಿ, ಮಾತ್ರ ಇತ್ತು. ಕಡತದೊಳಗಿರುವುದು ರೋಮನ್ ಅಕ್ಷರಗಳ ಸಂಕೇತಗಳೇ. ನುಡಿಯನ್ನು ತೆಗೆದು, ‘ಫಾಂಟ್ಸ್’ ಕೋಶದಲ್ಲಿ ಉಳಿದ ಅದರ ಫಾಂಟುಗಳನ್ನೂ ಕಸವೆಂದು ಅಳಿಸಿದರೆ, ಇಪ್ಪತ್ತು ವರ್ಷಗಳ ಹಿಂದಿನ ಅಧ್ಯಕ್ಷರ ಭಾಷಣ ಅರ್ಥಹೀನ ಚಿಹ್ನೆಗಳ ಸಾಲಾಗಿ ತೆರೆದುಕೊಳ್ಳುತ್ತದೆ. ಪಠ್ಯ ನಾಶವಾಗಿರುವುದಿಲ್ಲ, ನಿಜ. ಆದರೆ ಅದನ್ನು ಓದಲು ಅದೇ ಹಳೆಯ ಫಾಂಟನ್ನು ಮತ್ತೆ ಹುಡುಕಬೇಕು. ಅಷ್ಟು ತಾಳ್ಮೆ ಮುಂದಿನ ಪದಾಧಿಕಾರಿಗಳಿಗೆ ಇರುವುದೆಂಬ ಭರವಸೆ ನಮಗಿಲ್ಲ. ಆದಕಾರಣ ಮೊದಲು ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಇದಕ್ಕೆ ಪರಿವರ್ತಕಗಳು ಲಭ್ಯವಿವೆ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಸ್ಥಾನ ತಪ್ಪುವುದುಂಟಾದ್ದರಿಂದ ಮೂಲದೊಂದಿಗೆ ಹೋಲಿಸಿ ಓದುವುದು ಅನಿವಾರ್ಯ. ಫಾಂಟುಗಳ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಕಾದಿರಿಸಿ, ಮೂಲ ಕಡತಗಳನ್ನೂ ಅದರೊಂದಿಗೇ ಇಡತಕ್ಕದ್ದು.

ಇದಕ್ಕೆ ವ್ಯತಿರಿಕ್ತವಾಗಿ, ಉಳಿಯಲೇಬಾರದ ವಸ್ತುವೆಂದರೆ ಬ್ರೌಸರುಗಳ ಖಾಸಗಿ ಮಾಹಿತಿ. ಫೈರ್‌ಫಾಕ್ಸನ್ನು ತೆಗೆದರೂ ಅದರ ‘ಪ್ರೊಫೈಲ್ಸ್’ ಕೋಶ ಆ್ಯಪ್‌ಡೇಟಾದ ರೋಮಿಂಗ್‌ನಲ್ಲಿ ಉಳಿಯುತ್ತದೆ. ಕ್ರೋಮ್ ತೆಗೆಯುವಾಗ ಬ್ರೌಸಿಂಗ್ ಮಾಹಿತಿಯನ್ನೂ ಅಳಿಸಬೇಕೆ ಎಂಬ ಪ್ರಶ್ನೆಯ ಮುಂದಿನ ಚೌಕದಲ್ಲಿ ಗುರುತು ಹಾಕದಿದ್ದರೆ ಅದೂ ಲೋಕಲ್‌ನಲ್ಲಿ ಉಳಿಯುತ್ತದೆ. ಅದೇ ಲಾಗಿನ್ ಮೂಲಕ ಯಂತ್ರ ತೆರೆದವರು ಬ್ರೌಸರನ್ನು ಮತ್ತೆ ಅಳವಡಿಸಿದಲ್ಲಿ ಪುಟಗುರುತುಗಳ ಜೊತೆಗೆ ಉಳಿಸಿಟ್ಟ ಗುಪ್ತಪದಗಳೂ ಜೀವ ತಳೆಯಬಹುದು. ನೆಟ್‌ಬ್ಯಾಂಕಿಂಗ್ ಬಳಸುವ ಹಿರಿಯ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕು.

ಯಂತ್ರವನ್ನು ಮಾರುವುದಾದರೆ ಅಥವಾ ಶಾಲೆಗೆ ದಾನ ನೀಡುವುದಾದರೆ ಒಂದೊಂದೇ ಕೋಶವನ್ನು ಹುಡುಕುವ ಶ್ರಮ ಬೇಡ. ಬೇಕಾದ ಕಡತಗಳ ಪ್ರತಿ ತೆಗೆದಿಟ್ಟು, ‘ರೀಸೆಟ್ ದಿಸ್ ಪಿಸಿ’ಯಲ್ಲಿ ಎಲ್ಲವನ್ನೂ ತೆಗೆಯುವ ಆಯ್ಕೆಯ ಜೊತೆಗೆ ‘ಕ್ಲೀನ್ ಡೇಟಾ’ ಎಂಬುದನ್ನೂ ಆರಿಸಬೇಕು. ಇದು ಕೆಲವು ತಾಸು ಹಿಡಿಯಬಹುದು. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಜೋಡಿಸಿಯೇ ಆರಂಭಿಸತಕ್ಕದ್ದು.