ಹುಟ್ಟಾಳು, ಮಣ್ಣಾಳು: ಮಲೆನಾಡಿನ ಒಡೆಯರ ಮನೆತನಗಳ ಚರಿತ್ರೆ

ಹುಟ್ಟಾಳು, ಮಣ್ಣಾಳು ಎಂಬುವು ಮಲೆನಾಡಿನ ಗದ್ದೆ-ತೋಟಗಳ ಒಡೆಯರ ಮನೆಗಳಿಗೆ ಸೇರಿದ್ದ ಎರಡು ಬಗೆಯ ಆಳುಗಳಿಗೆ ಹಿಂದೆ ಇದ್ದ ಹೆಸರುಗಳು. ಒಡೆಯನ ಮನೆಯಲ್ಲೇ ಹುಟ್ಟಿ ತಲೆಮಾರಿನಿಂದ ತಲೆಮಾರಿಗೆ ಅದೇ ಮನೆಗೆ ದುಡಿಯುವವರು ಹುಟ್ಟಾಳು. ಜಮೀನು ಕೈಬದಲಾದಾಗ ಅದರ ಜೊತೆಗೇ ಹೊಸ ಒಡೆಯನ ಪಾಲಾಗುವವರು ಮಣ್ಣಾಳು. ಬಿ. ಎಲ್. ರೈಸ್ ಸಂಪಾದಿಸಿದ ಮೈಸೂರು ಗ್ಯಾಸೆಟಿಯರ್ ಹೊಲೆಯ ಸಮುದಾಯವನ್ನು ಕುರಿತು ಹೇಳುವಾಗ ಈ ಎರಡೂ ಪದಗಳನ್ನು ಕೊಡುತ್ತದೆ. ಬಯಲುಸೀಮೆಯಲ್ಲಿ ಇದೇ ಸಮುದಾಯದ ಕುಳವಾಡಿ ಎಂಬ ಊರ ಸೇವಕನಿಗೆ ಊರಿನ ಎಲ್ಲೆಯ ವ್ಯಾಜ್ಯಗಳಲ್ಲಿ ಕೊನೆಯ ಮಾತು ಹೇಳುವ ಹಕ್ಕಿತ್ತು. ಮಲೆನಾಡಿನಲ್ಲಿ ಆ ಸಮುದಾಯದವನು ಬರಿಯ ಆಳು ಎಂಬ ವ್ಯತ್ಯಾಸವನ್ನೂ ಅದು ಗುರುತಿಸುತ್ತದೆ. ದಕ್ಷಿಣ ಕನ್ನಡದ ಮೂಲದಾಳು, ಕೊಡಗಿನ ಜಮ್ಮದಾಳು ಇದೇ ಬಳಗದ ಮಾತುಗಳು.

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ತಮ್ಮ ಮನೆತನದ ಚರಿತ್ರೆ ಬರೆಯಿಸುವವರು ಈಗ ಹೆಚ್ಚಾಗಿದ್ದಾರೆ. ಮೂಲಪುರುಷನಿಂದ ಹಿಡಿದು ಬೆಂಗಳೂರು, ಅಮೆರಿಕ ಸೇರಿದ ಮೊಮ್ಮಕ್ಕಳವರೆಗೆ ಕೊಂಬೆಗಳನ್ನು ಬಿಡಿಸಿದ ವಂಶವೃಕ್ಷಗಳು ಅಚ್ಚಾಗುತ್ತವೆ. ಅವುಗಳಲ್ಲಿ ತೋಟ ಕಡಿದವರು, ಗೊಬ್ಬರ ಹೊತ್ತವರು, ಸೊಪ್ಪಿನ ಬೆಟ್ಟದಿಂದ ಹೊರೆ ತಂದವರು ಸಾಮಾನ್ಯವಾಗಿ ಇರುವುದಿಲ್ಲ. ಆ ಮನೆಯ ಸಂಪತ್ತು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಬೇಕಿದ್ದರೆ ಆಳುಗಳ ಚರಿತ್ರೆಯನ್ನೂ ಆ ಮನೆಯ ಕಾಗದಪತ್ರಗಳಿಂದಲೇ ಎತ್ತಿ ತರಬೇಕು. ಅವರ ಪೂರ್ವಿಕರ ಗುರುತುಗಳು ಬಹುಮಟ್ಟಿಗೆ ಒಡೆಯನ ಪೆಟ್ಟಿಗೆಯಲ್ಲೇ ಉಳಿದಿವೆ.

ಒಡೆಯರ ಮನೆಯ ಬೇರು ಹುಡುಕುವುದು ಕಷ್ಟವಲ್ಲ. ಕೆಳದಿ ನಾಯಕರು ಸುಮಾರು 1500ರಿಂದ 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರನ್ನು ಹಿಡಿಯುವವರೆಗೆ ಈ ಸೀಮೆಯನ್ನು ಆಳಿದರು. ಶಿವಪ್ಪನಾಯಕ (ಆಳ್ವಿಕೆ 1645–1660) ಪ್ರತಿ ಊರಿನಲ್ಲೂ ಒಂದೊಂದು ಬಗೆಯ ಹೊಲವನ್ನು ಆರಿಸಿ, ಹನ್ನೆರಡು ವರ್ಷ ಸರಕಾರದ ಲೆಕ್ಕದಲ್ಲೇ ಬೇಸಾಯ ಮಾಡಿಸಿ, ಬೀಜ, ಖರ್ಚು, ಫಸಲು ಎಲ್ಲವನ್ನೂ ಬರೆಯಿಸಿ ಕಂದಾಯ ಗೊತ್ತುಮಾಡಿದನೆಂದು ಪ್ರತೀತಿ. ಈ ಕಂದಾಯ ಪದ್ಧತಿಗೇ ‘ಶಿಸ್ತು’ ಎಂದು ಹೆಸರು. ಭೂಮಿ ಯಾರ ಹೆಸರಿನಲ್ಲಿ, ತೆರಿಗೆ ಎಷ್ಟು ಎಂಬುದಕ್ಕೆ ಮುಂದಿನ ಸರಕಾರಗಳೂ ಈ ಲೆಕ್ಕವನ್ನೇ ಆಧಾರವಾಗಿ ನೋಡುತ್ತಿದ್ದವು. ಇದಕ್ಕೂ ಹಿಂದಿನ ದಾನ, ಕ್ರಯಗಳಿಗೆ ಶಾಸನಗಳಿವೆ. ಶಿವಮೊಗ್ಗ ಜಿಲ್ಲೆಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೆಯ ಸಂಪುಟಗಳಾಗಿ 1902 ಮತ್ತು 1904ರಲ್ಲಿ ಬಂದವು.

ಈ ಶಾಸನಗಳಲ್ಲಿ ಭೂಮಿ ಕೊಡುವಾಗ ಅಷ್ಟಭೋಗಗಳ ಸಮೇತ ಎಂದು ಬರೆಯುವುದು ವಾಡಿಕೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಇವೇ ಆ ಎಂಟು. ನೆಲದಡಿ ಹೂತಿಟ್ಟ ಹಣ, ಹರಿಯುವ ನೀರು, ಬಿದ್ದ ಕಲ್ಲು, ಮುಂದೆ ಬರಬಹುದಾದ ಆದಾಯ ಎಲ್ಲಕ್ಕೂ ಅಲ್ಲಿ ಹೆಸರಿದೆ. ನೆಲದ ಜೊತೆಗೆ ಕೈಬದಲಾಗುವ ಮನುಷ್ಯರಿಗೆ ಆ ಎಂಟರಲ್ಲಿ ಹೆಸರಿಲ್ಲ. ಬೇರೆ ಕಡೆ ತೊತ್ತು, ತೊಂಡು, ಆಳು ಎಂಬ ಮಾತುಗಳು ಸಿಗುತ್ತವೆ. ತೊತ್ತು ಎಂಬುದು ಹೆಣ್ಣಾಳಿಗೆ ಇದ್ದ ಹಳಗನ್ನಡದ ಪದ. ಇಂದು ಅದು ಬೈಗುಳವಾಗಿ ಮಾತ್ರ ಉಳಿದಿದೆ.

ಶಾಸನಕ್ಕಿಂತ ಹೆಚ್ಚು ಹೇಳಬಲ್ಲದ್ದು ಕಡತ. ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುವ ಕಪ್ಪು ಪುಸ್ತಕ ಇದು. ಸಾಗರ ತಾಲ್ಲೂಕಿನ ಕೆಳದಿಯಲ್ಲಿ ಗುಂಡಾ ಜೋಯಿಸರು ಕಟ್ಟಿ ಬೆಳೆಸಿದ ವಸ್ತುಸಂಗ್ರಹಾಲಯದಲ್ಲಿ ಇಂಥ ಕಡತಗಳೂ ತಾಳೆಗರಿಗಳೂ ಇವೆ. ಹಳೆಯ ಮನೆಗಳ ಅಟ್ಟದಲ್ಲೂ ಇಂಥವು ಸಿಗುತ್ತವೆ. ಮನೆಯ ಲೆಕ್ಕದಲ್ಲಿ ಆಳುಗಳು ಕಾಣಿಸಿಕೊಳ್ಳುವುದು ಪಡಿ, ಅಂದರೆ ಕೂಲಿಯ ಧಾನ್ಯ, ಅಳೆದ ಸಾಲಿನಲ್ಲಿ, ಸಾಲ ಕೊಟ್ಟ ಸಾಲಿನಲ್ಲಿ, ಹಬ್ಬಕ್ಕೆ ಕಂಬಳಿ ಅಥವಾ ಬಟ್ಟೆ ಕೊಟ್ಟ ಸಾಲಿನಲ್ಲಿ. ಒಡೆಯನಿಗೆ ತಂದೆಯ ಹೆಸರು, ಮನೆತನದ ಹೆಸರು, ಗೋತ್ರ ಉಂಟು. ಆಳಿಗೆ ಒಂದೇ ಒಂದು ಹೆಸರು. ಅದೂ ಹುಟ್ಟಿದ ವಾರದಿಂದಲೋ ದೇವರಿಂದಲೋ ಬಂದದ್ದು. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಅದೇ ಹೆಸರಿದ್ದರೆ ತಂದೆ ಯಾರು, ಮಗ ಯಾರು ಎಂದು ಬಿಡಿಸುವುದು ಕಷ್ಟ. ಆದ್ದರಿಂದ ಒಂದು ವರ್ಷದ ಪಡಿಯ ಲೆಕ್ಕವನ್ನು ಮುಂದಿನ ವರ್ಷದ್ದರ ಪಕ್ಕದಲ್ಲಿಟ್ಟು ಓದಬೇಕು. ಅರ್ಧ ಪಡಿ ಪಡೆಯುತ್ತಿದ್ದವನಿಗೆ ಪೂರ್ತಿ ಪಡಿ ಸಿಕ್ಕರೆ ಹುಡುಗ ಬೆಳೆದನೆಂದು ಊಹಿಸಬಹುದು. ಹೆಸರು ಇದ್ದಕ್ಕಿದ್ದಂತೆ ನಿಂತುಹೋದರೆ ಸತ್ತನೋ, ಓಡಿಹೋದನೋ, ಮಾರಿದ ಗದ್ದೆಯ ಜೊತೆ ಹೋದನೋ ಎಂದು ಆ ವರ್ಷದ ಕ್ರಯಪತ್ರ ನೋಡಬೇಕು. ಇದು ತಾಳ್ಮೆಯ ಕೆಲಸ. ಬೇರೆ ದಾರಿಯೂ ಇಲ್ಲ.

ಬಾಯಿಮಾತಿನ ವಂಶಾವಳಿಯಲ್ಲೂ ಇದೇ ಏರುಪೇರು. ಎತ್ತಿನ ಮೇಲೆ ಬಂದು ಮನೆಮನೆಯ ಹಿರಿಯರ ಹೆಸರು ಹಾಡಿ ಹೇಳುವ ಹೆಳವರು ಬಯಲುನಾಡಿನಲ್ಲೂ ಉತ್ತರ ಕರ್ನಾಟಕದಲ್ಲೂ ಒಕ್ಕಲು ಮನೆತನಗಳ ಹತ್ತಾರು ತಲೆಮಾರುಗಳನ್ನು ನೆನಪಿನಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಅವರ ಜೀವನ ನಡೆಯುವುದು ಕಾಳುಕಡಿ, ಕುರಿ, ಬಟ್ಟೆ ಕೊಡಬಲ್ಲ ಮನೆಗಳಿಂದ. ಕಣದಲ್ಲಿ ತನ್ನದೆಂಬ ರಾಶಿಯೇ ಇಲ್ಲದವನ ಪೂರ್ವಿಕರನ್ನು ಹಾಡಲು ಯಾರು ಬರುತ್ತಾರೆ?

ಹತ್ತಿಯ ಸೀಮೆಯಲ್ಲಿ ಗುಲಾಮರಾಗಿದ್ದ ಪೂರ್ವಿಕರನ್ನು ಹುಡುಕುವವರಿಗೆ ಅಮೆರಿಕದಲ್ಲೂ ಇಂಥದೇ ಗೋಡೆ ಎದುರಾಗುತ್ತದೆ. ಅಲ್ಲಿನ 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರಿಗೆ ಪ್ರತ್ಯೇಕ ಪಟ್ಟಿಯಿತ್ತು. ಒಡೆಯನ ಹೆಸರು ಬರೆದು, ಅದರ ಕೆಳಗೆ ಪ್ರತಿಯೊಬ್ಬ ಗುಲಾಮನ ವಯಸ್ಸು, ಲಿಂಗ, ಮೈಬಣ್ಣ ನಮೂದಿಸುತ್ತಿದ್ದರು, ಸಾಮಾನ್ಯವಾಗಿ ಹೆಸರು ಬರೆಯುತ್ತಿರಲಿಲ್ಲ. ಬಿಡುಗಡೆಯಾದವರೆಲ್ಲರ ಹೆಸರು ಮೊದಲು ಬಂದದ್ದು 1870ರ ಗಣತಿಯಲ್ಲಿ. ಅದಕ್ಕೂ ಹಿಂದೆ ಹೋಗಬೇಕಾದರೆ ಒಡೆಯನ ಉಯಿಲು, ಆಸ್ತಿಪಟ್ಟಿ, ತೋಟದ ಲೆಕ್ಕಪುಸ್ತಕವನ್ನೇ ತೆರೆಯಬೇಕು.

ಆ ಹತ್ತಿಯ ಲೋಕ ಕನ್ನಡನಾಡಿಗೂ ಬಂದು ಹೋಗಿದೆ. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಭಾರತಕ್ಕೆ ಕರೆಸಿತು. ಅವರಲ್ಲಿ ಮರ್ಸರ್ ಎಂಬಾತ ಹುಬ್ಬಳ್ಳಿ ಬಳಿಯ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ನಡೆಸಿದ. ನ್ಯೂ ಆರ್ಲಿಯನ್ಸ್ ಬೀಜ ಧಾರವಾಡದ ಎರೆಮಣ್ಣಿಗೆ ಒಗ್ಗಿ ‘ಧಾರವಾಡ ಅಮೆರಿಕನ್’ ಎಂಬ ಹತ್ತಿಯಾಯಿತು. ಗುಲಾಮರ ದುಡಿಮೆಯ ನಾಡಿನಿಂದ ಬಂದ ಬೀಜವನ್ನು ಇಲ್ಲಿ ಹಬ್ಬಿಸಿದವರು ಸ್ವಂತ ಹೊಲದ ರೈತರು. 1861–65ರ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿನ ಹತ್ತಿ ನಿಂತಾಗ ಧಾರವಾಡದ ಹತ್ತಿಗೆ ಬೆಲೆ ಏರಿದ್ದು ಎಲ್ಲರಿಗೂ ಗೊತ್ತಿರುವ ಕಥೆ.

ಆ ಯುದ್ಧ ಅಮೆರಿಕದ ಗುಲಾಮಗಿರಿಯನ್ನು ಕೊನೆಗಾಣಿಸಿತು; ಮಲೆನಾಡಿನ ಒಡೆತನಕ್ಕೆ ಅಂಥ ಕೊನೆ ಬರಲಿಲ್ಲ. ಕಂಪನಿಯ ಸೀಮೆಗಳಿಗೆ 1843ರ 5ನೆಯ ಕಾಯಿದೆ ಬಂದು, ಮನುಷ್ಯನನ್ನು ಸ್ವತ್ತೆಂದು ಯಾವ ನ್ಯಾಯಾಲಯವೂ ಒಪ್ಪಕೂಡದೆಂದಿತು. ಭಾರತೀಯ ದಂಡಸಂಹಿತೆ ಗುಲಾಮರ ಕ್ರಯ-ವಿಕ್ರಯವನ್ನು ಅಪರಾಧವೆಂದು ಸಾರಿತು. ಶಿವಮೊಗ್ಗ ಸೇರಿದ್ದ ಮೈಸೂರು ಸೀಮೆಯೂ 1831ರಿಂದ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ಆಳನ್ನು ಮಾರುವುದು ಕಾಗದದ ಮೇಲೆ ನಿಂತಿತು; ಆಳು ಮಾತ್ರ ಅದೇ ಬಿಡಾರದಲ್ಲಿ ಉಳಿದ. ಹುಟ್ಟಿನ ಜಾಗಕ್ಕೆ ಸಾಲ ಬಂತು. ಮದುವೆಗೆಂದು ಒಡೆಯ ಕೊಟ್ಟ ಹಣ ತೀರುವವರೆಗೆ ಗಂಡನೂ ಹೆಂಡತಿಯೂ ದುಡಿಯಬೇಕು, ತೀರದೆ ಹೋದರೆ ಮಕ್ಕಳು. ಅಡಿಕೆ ತೋಟಗಳಲ್ಲಿ ದುಡಿಯುತ್ತಿದ್ದ ಹಸಲರನ್ನೂ ಕಟ್ಟಿಹಾಕಿದ್ದು ಈ ಮದುವೆ ಸಾಲವೇ. ಇದೇ ಜೀತ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936), ‘ಮಲೆಗಳಲ್ಲಿ ಮದುಮಗಳು’ (1967) ಓದಿದವರಿಗೆ ಆ ಬಿಡಾರಗಳ ಹೊಗೆಯೂ ಹಸಿವೂ ಪರಿಚಿತ. ಸ್ವತಃ ಒಡೆಯರ ಮನೆಯಲ್ಲಿ ಹುಟ್ಟಿದ ಲೇಖಕ ಆಳುಗಳಿಗೆ ಹೆಸರು, ಪ್ರೇಮ, ಹಟ ಎಲ್ಲವನ್ನೂ ಕೊಟ್ಟು ಬರೆದದ್ದು ಕನ್ನಡಕ್ಕೆ ಸಿಕ್ಕ ದೊಡ್ಡ ದಾಖಲೆ ಎಂದೇ ಹೇಳಬೇಕು.

ಸಾಗರ ತಾಲ್ಲೂಕಿನಲ್ಲಿ ನಡೆದ 1951ರ ಕಾಗೋಡು ಸತ್ಯಾಗ್ರಹ ಈ ಆಳುಗಳದ್ದಲ್ಲ, ಗೇಣಿದಾರರದು. ಗೇಣಿ ಅಳೆಯುವ ಕೊಳಗದ ಅಳತೆಯಿಂದ ಎದ್ದ ಆ ಹೋರಾಟವನ್ನು ಎಚ್. ಗಣಪತಿಯಪ್ಪ ಕಟ್ಟಿದರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ದೇವರಾಜ ಅರಸು ಸರಕಾರ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಉಳುವವನಿಗೆ ಭೂಮಿ ಕೊಟ್ಟಿತು. ಆದರೆ ಉಳುವವನೆಂದರೆ ಕಾನೂನಿನಲ್ಲಿ ಗೇಣಿದಾರ. ಗೇಣಿಯ ಕರಾರೇ ಇಲ್ಲದೆ ಪಡಿಗೆ ದುಡಿದ ಆಳಿಗೆ ಹೆಚ್ಚೆಂದರೆ 38ನೆಯ ಕಲಮಿನಡಿ ತಾನು ವಾಸವಿದ್ದ ಗುಡಿಸಲಿನ ಜಾಗ. 1975ರ ಅಕ್ಟೋಬರಿನ ಸುಗ್ರೀವಾಜ್ಞೆ, ಮರುವರ್ಷದ ಕಾಯಿದೆ ಜೀತವನ್ನು ರದ್ದುಮಾಡಿ ಸಾಲವನ್ನು ತೊಡೆದುಹಾಕಿದವು.

ಅದೇ ಹೊತ್ತಿಗೆ ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಅದು ಆ ಊರಿನಲ್ಲೇ ಹುಟ್ಟಿದ್ದು ಆಕಸ್ಮಿಕವೆಂದು ತೋರುವುದಿಲ್ಲ. 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ, 1936ರ ಕಾಗದದ ಕಾರ್ಖಾನೆ ಅಲ್ಲಿದ್ದವು. ಒಳಗೆ ಸೇರಿಕೊಂಡವನಿಗೆ ತಿಂಗಳ ಸಂಬಳ ಕೈಗೆ ಸಿಗುತ್ತಿತ್ತು. ಅದನ್ನು ಅಳೆಯಲು ಯಾವ ಒಡೆಯನ ಕೊಳಗವೂ ಬೇಕಿರಲಿಲ್ಲ.

ಹಾಗಾಗಿ ಇವತ್ತು ಶಿವಮೊಗ್ಗದ ರಾಗಿಗುಡ್ಡದಲ್ಲೋ ಭದ್ರಾವತಿಯ ಕಾರ್ಮಿಕರ ಕೇರಿಯಲ್ಲೋ ನಿಂತು ತಮ್ಮ ಮುತ್ತಜ್ಜನನ್ನು ಹುಡುಕುವವರು ಹಿಂದಕ್ಕೆ ನಡೆಯಬೇಕು. ಕಾರ್ಖಾನೆಯ ಸೇವಾ ಪುಸ್ತಕ, ಶಾಲೆಯ ದಾಖಲಾತಿ ಪುಸ್ತಕ, ಜೀತವಿಮುಕ್ತಿಯ ಪತ್ರ, ಭೂನ್ಯಾಯಮಂಡಳಿಯ ಕಡತ ಇಷ್ಟು ಸಿಕ್ಕರೆ ಊರಿನ ಹೆಸರು ತಿಳಿಯುತ್ತದೆ. ಎಷ್ಟೋ ಮನೆಗಳಲ್ಲಿ ಅಪ್ಪನ ಹೆಸರನ್ನು ಮೊದಲ ಸಲ ಬರೆದುಕೊಂಡದ್ದು ಶಾಲೆಯ ಮೇಷ್ಟ್ರು. ಆಮೇಲೆ ಮನೆಯ ಅಜ್ಜಿಯನ್ನು ಕೇಳಬೇಕು: ಯಾರ ಮನೆಯ ಬಿಡಾರ, ಆ ಗೌಡರ ಹೆಸರೇನು, ಅವ್ವನನ್ನು ಯಾವ ಊರಿಂದ ತಂದರು. ಮಹಾಲಯ ಅಮಾವಾಸ್ಯೆಗೋ ದೀಪಾವಳಿಗೋ ಹಿರಿಯರಿಗೆ ಎಡೆ ಇಡುವಾಗ ಅಜ್ಜಿ ಒಂದೊಂದೇ ಹೆಸರು ಕರೆಯುತ್ತಾಳೆ. ಆ ಹೆಸರುಗಳನ್ನು ಬರೆದುಕೊಂಡು ಒಡೆಯರ ಮನೆಯ ಪಡಿಯ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು. ಕಡತ ಇಟ್ಟುಕೊಂಡಿರುವ ಮನೆಯವರು ಆ ದಿನ ಬಾಗಿಲು ತೆರೆದು, ಬಂದವರನ್ನು ಜಗಲಿಯಲ್ಲಿ ಕೂರಿಸಿ, ಮಡಿಕೆ ಬಿಚ್ಚಬೇಕು.